ತುಳುಕದ ಅಲೆ

ಕಂತು ಏಳು

"ಎಪ್ಪತ್ತು ಮೀಟರ್ ಅಲೆ ಹೋದರೂ ಈ ಲೋಟದ ಟೀ ತುಳುಕಲ್ಲ ಸಾರ್," ಎಂದಳು ರಾಡಾರಮ್ಮ.

ಇನ್ಸ್‌ಪೆಕ್ಟರ್ ಲೋಟವನ್ನು ನೋಡಿದರು, ಅವಳನ್ನು ನೋಡಿದರು, ಮತ್ತೆ ಲೋಟವನ್ನೇ ನೋಡಿದರು. ಹಡಗನ್ನು ಬಂದರುಕಟ್ಟೆಗೆ ನಾಲ್ಕು ಹಗ್ಗ ಹಾಕಿ ಬಿಗಿದಿದ್ದರು. ಆದರೂ ಅವರ ಹೊಟ್ಟೆ ಹತ್ತಿದ ಗಳಿಗೆಯಿಂದ ತೊಳಸುತ್ತಲೇ ಇತ್ತು. ಬಂದರು ಠಾಣೆಯಲ್ಲಿ ಇಪ್ಪತ್ತಾರು ವರ್ಷ ಸರ್ವಿಸ್ ಮಾಡಿದ ಮನುಷ್ಯ, ಹಡಗು ಹತ್ತಿದರೆ ವಾಂತಿ ಬರುತ್ತೆ ಅಂತ ಯಾರ ಮುಂದೆ ಹೇಳಿಕೊಳ್ಳಬೇಕು?

"ಎಪ್ಪತ್ತು ಮೀಟರ್ ಅಂದ್ರೆ ಇಪ್ಪತ್ತು ಅಂತಸ್ತಿನ ಕಟ್ಟಡ ಕಣಮ್ಮ. ಅದು ಹೋದರೆ ಟೀ ತುಳುಕಲ್ವಾ? ನನ್ನ ಕಿವಿಗೆ ಹೂ ಇಡಬೇಡ."

"ಹೂ ಇಟ್ಟಿದ್ದು ನಾನಲ್ಲ ಸಾರ್. ಲಾಗ್‌ಬುಕ್ ಬರೆದವರು."

ಹನ್ನೆರಡು ದಿನದ ಹಿಂದೆ, ಪ್ರಯಾಣದ ಒಂಬತ್ತನೇ ದಿನ, ಸಂಜೆ ನಾಲ್ಕು ಹತ್ತಕ್ಕೆ, ಈ ಸಂಶೋಧನಾ ಹಡಗಿನ ಹಿಂದಿನ ಡೆಕ್ಕಿನಿಂದ ವಿಂಚಣ್ಣ ಕಾಣೆಯಾಗಿದ್ದ. ಉಪಕರಣಗಳನ್ನು ಕೇಬಲ್ಲಿಗೆ ಕಟ್ಟಿ ಸಮುದ್ರಕ್ಕೆ ಇಳಿಸುವ ವಿಂಚ್ ಯಂತ್ರ ನಡೆಸುತ್ತಿದ್ದವನು ಅವನು, ಅದಕ್ಕೇ ಆ ಹೆಸರು. ಕ್ಯಾಪ್ಟನ್ ಲಾಗ್‌ಬುಕ್ಕಿನಲ್ಲಿ ಬರೆದದ್ದು ಒಂದೇ ಸಾಲು. ಎಪ್ಪತ್ತು ಮೀಟರಿನ ಅಲೆ ಹಾದುಹೋಗುವಾಗ ಡೆಕ್ಕಿನಿಂದ ಬಿದ್ದು ಕಾಣೆ.

ಇನ್ಸ್‌ಪೆಕ್ಟರ್ ಅದನ್ನು ಓದಿದ್ದರು, ನಂಬಿದ್ದರು, ವಿಂಚಣ್ಣನ ಹೆಂಡತಿಗೆ ತಾವೇ ಹೇಳಿಯೂ ಇದ್ದರು. ದೊಡ್ಡ ಅಲೆ ಕಣಮ್ಮ, ಯಾರ ತಪ್ಪೂ ಅಲ್ಲ, ಅಂತ. ಈಗ ನೆನೆಸಿಕೊಂಡರೆ ತಮ್ಮ ಕೆನ್ನೆಗೆ ತಾವೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸುತ್ತಿತ್ತು.

"ಸರಿ, ನನ್ನಂಥ ಬೆಪ್ಪನಿಗೂ ತಿಳಿಯೋ ಹಾಗೆ ಹೇಳು."

ರಾಡಾರಮ್ಮ ಎದುರಿನ ಕುರ್ಚಿಯಲ್ಲಿ ಕೂತಳು. ಹಡಗಿನ ರಾಡಾರ್ ನೋಡಿಕೊಳ್ಳುವ, ಮೂವತ್ತು ದಾಟಿರದ ಹೆಂಗಸು, ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಉಪಕರಣದ ಕೋಣೆಯಲ್ಲಿ ಆರು ಪರದೆ, ಒಂದು ಉದ್ದ ಮೇಜು, ನೆಲಕ್ಕೆ ಬೋಲ್ಟ್ ಹಾಕಿದ ಕುರ್ಚಿಗಳು. ದುಂಡು ಕಿಟಕಿಯ ಆಚೆ ಮೋಡ ಕವಿದ ಮಧ್ಯಾಹ್ನ, ಬೂದಿ ಬಣ್ಣದ ನೀರು.

"ಸಮುದ್ರದಲ್ಲಿ ಮೇಲೆ ಬೆಚ್ಚಗಿನ ಹಗುರ ನೀರು, ಕೆಳಗೆ ತಣ್ಣಗಿನ ಭಾರದ ನೀರು. ಪಾತ್ರೇಲಿ ನೀರಿನ ಮೇಲೆ ಎಣ್ಣೆ ನಿಲ್ಲುತ್ತಲ್ಲ, ಹಾಗೆ. ಎರಡೂ ಸೇರೋ ಜಾಗದಲ್ಲಿ ಅಲೆ ಓಡುತ್ತೆ. ಕೆಳಗೆ ಎಪ್ಪತ್ತು ಮೀಟರ್ ಕುಸಿದು ಏಳುತ್ತೆ. ಮೇಲೆ ಒಂದು ಗೇಣೂ ಏಳಲ್ಲ."

"ಮತ್ತೆ ನಿಮಗೆ ಹೇಗೆ ಗೊತ್ತಾಗುತ್ತೆ?"

ಅವಳು ಒಂದು ಪರದೆ ತಿರುಗಿಸಿದಳು. ಕಪ್ಪು ಹಾಳೆಯ ಮೇಲೆ ಬಿಳಿ ಪಟ್ಟೆಗಳು, ಒಂದರ ಹಿಂದೆ ಒಂದು. "ರಾಡಾರ್ ಚಿತ್ರ. ಒಳಗಿನ ಅಲೆ ಹೋಗೋ ಕಡೆ ಮೇಲಿನ ನೀರು ಒಂದು ಪಟ್ಟೆ ಒರಟಾಗುತ್ತೆ, ಒಂದು ಪಟ್ಟೆ ನುಣ್ಣಗಾಗುತ್ತೆ. ಒರಟು ಬಿಳೀದಾಗಿ ಕಾಣುತ್ತೆ, ನುಣುಪು ಕಪ್ಪಾಗಿ. ಪಟ್ಟೆ ಮುಂದಕ್ಕೆ ಸರೀತಾ ಹೋಗುತ್ತೆ, ಮನುಷ್ಯ ನಡೆಯೋ ವೇಗದಲ್ಲಿ. ಅವತ್ತು ನಾಲ್ಕು ಗಂಟೆಗೆ ಬಂದಿದ್ದು ನನ್ನ ಜೀವಮಾನದಲ್ಲೇ ದೊಡ್ಡದು. ಹಡಗಿನವರೆಲ್ಲ ಈ ಕೋಣೇಲೇ ಕಿಕ್ಕಿರಿದಿದ್ರು, ಪರದೆ ನೋಡೋಕೆ."

"ಡೆಕ್ ಮೇಲೆ ಯಾರಿದ್ದರು?"

"ವಿಂಚಣ್ಣ. ಬಾಗಿಲ ಹತ್ರ ಪ್ರೊಫೆಸರು. ಅಷ್ಟೇ."

"ಅಲೆ ಡೆಕ್ ಒದ್ದೆ ಮಾಡಿತ್ತಾ?"

"ನನ್ನ ಚಪ್ಪಲಿ ಡೆಕ್ಕಿನ ಮೇಲೇ ಇತ್ತು ಸಾರ್. ಆಮೇಲೆ ಓಡಿ ಹೋಗಿ ಹಾಕ್ಕೊಂಡಾಗ ಒಂದು ಹನಿ ನೀರೂ ತಾಗಿರಲಿಲ್ಲ."

ಕಾಗೆ ಹಾರಿಸಿದ್ದು ಯಾರಿಗಾಗಿ ಅಂತ ಈಗ ಸ್ಪಷ್ಟವಾಯಿತು. ಎಪ್ಪತ್ತು ಮೀಟರ್ ಅನ್ನೋದು ನಿಜ, ಅಲೆ ಅನ್ನೋದೂ ನಿಜ. ಈ ಹಡಗಿನವರು ಯಾರೂ ನಂಬದ ಸುಳ್ಳು ಅದು. ನೆಲದ ಮೇಲಿರುವವರಿಗೆ ಅಂತಲೇ, ಅಂದರೆ ಇನ್ಸ್‌ಪೆಕ್ಟರಂಥವರಿಗೆ ಅಂತಲೇ, ಅಳತೆ ತೆಗೆದು ಹೊಲಿದದ್ದು.

ಗೋಡೆಯ ಗಡಿಯಾರ ಮೂರು ಇಪ್ಪತ್ತು ತೋರಿಸುತ್ತಿತ್ತು. ಆರು ಗಂಟೆಗೆ ಹಡಗು ಮತ್ತೆ ಹೊರಡುತ್ತೆ. ಹೋದರೆ ಎರಡು ತಿಂಗಳು ಯಾರೂ ಕೈಗೆ ಸಿಗಲ್ಲ, ಕಡತದ ಮೇಲೆ 'ಅಪಘಾತ' ಅಂತ ಬರೆದು ಮುಚ್ಚಬೇಕು.

ಕಡತ ಮುಚ್ಚಬಹುದು. ಬಂದರು ಕಚೇರಿಯ ಬೆಂಚಿನ ಮೇಲೆ ಕೂತಿರುವ ಹೆಂಗಸನ್ನು ಏನು ಮಾಡೋದು? ವಿಂಚಣ್ಣನ ಹೆಂಡತಿ ದಿನಾ ಬಂದು ಕೂರುತ್ತಿದ್ದಳು. ಅಳುತ್ತಿರಲಿಲ್ಲ, ಜಗಳ ಆಡುತ್ತಿರಲಿಲ್ಲ. ಅವನಾಗೇ ಹಾರಿಕೊಂಡ, ಸಂಸಾರ ಸಾಕಾಗಿತ್ತು, ಅಂತ ಬೀದಿಯಲ್ಲಿ ಮಾತು ಎದ್ದಿತ್ತು. ಮಗಳು ಸ್ಕೂಲಿನಿಂದ ಅದನ್ನೇ ಕೇಳಿಸಿಕೊಂಡು ಬಂದಿದ್ದಳು. "ಅಪ್ಪ ನಮ್ಮನ್ನ ಬಿಟ್ಟು ಹೋದ್ರಾ ಅಂತ ಕೇಳ್ತಾಳೆ ಅಣ್ಣ," ಎಂದಿದ್ದಳು ಆಕೆ ಇವತ್ತು ಬೆಳಗ್ಗೆ. "ಹೌದೋ ಅಲ್ಲವೋ, ಯಾವುದಾದ್ರೂ ಒಂದು ಹೇಳಿ. ತಡ್ಕೋತೀನಿ."

"ಪ್ರೊಫೆಸರನ್ನ ಕರಿಯಮ್ಮ," ಎಂದರು ಇನ್ಸ್‌ಪೆಕ್ಟರ್.

ಪ್ರೊಫೆಸರು ಬಂದರು. ಎತ್ತರದ ಬಡಕಲು ಮನುಷ್ಯ. ಎರಡು ದಿನದ ಗಡ್ಡ, ಸ್ವೆಟರಿನ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡಿದ್ದರು. ಟೀ ಲೋಟ ನೋಡಿದ ಕೂಡಲೇ ಅವರಿಗೆ ವಿಷಯ ಗೊತ್ತಾಗಿಹೋಯಿತು.

"ಅಲೆ ಅಲ್ಲ ಅಂತ ತಿಳೀತಾ?" ಎಂದರು.

"ತಿಳೀತು. ಇನ್ನು ಏನು ಅಂತ ನೀವು ಹೇಳಿ."

ಪ್ರೊಫೆಸರು ಮೇಜಿನ ಅಂಚಿಗೆ ಒರಗಿದರು. ಮಾತು ನಿಧಾನವಾಗಿ ಬಂತು. "ಹಾರಿದ. ನಾನೇ ಕಂಡೆ. ಕಣ್ಣು ಮಂಜಾಗ್ತಾ ಇತ್ತು ಅವನಿಗೆ, ಮುಂದಿನ ಸಲ ಹಡಗಿಗೆ ತಗೊಳ್ಳಲ್ಲ ಅಂತ ಗೊತ್ತಾಗಿತ್ತು. ಕೊನೇ ಗಳಿಗೆವರೆಗೂ ಕೆಲಸ ಮಾಡಿದ. ಆಮೇಲೆ ಸೊಂಟದ ಬೆಲ್ಟ್ ಬಿಚ್ಚಿ ಕಟಕಟೆ ಹತ್ತಿದ. ನಾನು ಓಡೋಷ್ಟರಲ್ಲಿ ಮುಗಿದಿತ್ತು. ಹೆಂಡತಿ ಮಗಳು ಇದಾರಲ್ಲ ಇನ್ಸ್‌ಪೆಕ್ಟ್ರೇ. ಅಲೆ ಅಂತ ಬರೀರಿ ಅಂತ ಕ್ಯಾಪ್ಟನ್‌ಗೆ ಹೇಳಿದ್ದು ನಾನು. ಆ ತಪ್ಪು ನನ್ನದೇ."

ರಾಡಾರಮ್ಮ ಮುಖ ಆಚೆ ತಿರುಗಿಸಿಕೊಂಡಳು. ಇನ್ಸ್‌ಪೆಕ್ಟರಿಗೆ ಹೊಟ್ಟೆ ತೊಳಸುವುದೂ ಮರೆತುಹೋಯಿತು. ನಂಬದೇ ಇರಲು ಕಾರಣ ಏನೂ ಇರಲಿಲ್ಲ, ಮನುಷ್ಯನ ದನಿ ನಡುಗುತ್ತಿತ್ತು. ಹೌದಮ್ಮ, ಬಿಟ್ಟು ಹೋದ್ರು. ಈ ಮೂರು ಮಾತು ಹೊತ್ತುಕೊಂಡು ಆ ಬೆಂಚಿನವರೆಗೆ ನಡೆಯಬೇಕಲ್ಲ ಅಂತ ಅವರಿಗೆ ಸಂಕಟವಾಯಿತು.

ಪೆನ್ನು ತೆಗೆದರು. "ಕೊನೇ ಗಳಿಗೆವರೆಗೂ ಕೆಲಸ ಮಾಡಿದ ಅಂದ್ರಿ. ಅದಕ್ಕೆ ಏನಾದ್ರೂ ದಾಖಲೆ?"

"ಇದೆ ಸಾರ್," ಎಂದಳು ರಾಡಾರಮ್ಮ. "ವಿಂಚಣ್ಣನ ಕೈ ಇದೆ."

ಅವಳು ಇನ್ನೊಂದು ಪರದೆಯಲ್ಲಿ ಒಂದು ಗೆರೆ ತೆರೆದಳು. ಇಳಿದು, ಏರಿ, ಇಳಿದು, ಏರಿ, ಉದ್ದಕ್ಕೂ ಗರಗಸದ ಹಲ್ಲು. ದೊಡ್ಡ ಅಲೆ ಬಂದಾಗ ನೀರಿನ ಬಿಸಿ ಮತ್ತು ಉಪ್ಪು ಅಳೆಯುವ ಉಪಕರಣವನ್ನು ಇಪ್ಪತ್ತು ಮೀಟರಿನಿಂದ ನೂರೈವತ್ತಕ್ಕೆ, ಮತ್ತೆ ಇಪ್ಪತ್ತಕ್ಕೆ, ಬಿಡುವಿಲ್ಲದೆ ಇಳಿಸಿ ಏರಿಸುತ್ತಾರೆ. ಇವರು ಅದಕ್ಕೆ ಯೋಯೋ ಅಂತಾರೆ, ಮಕ್ಕಳ ಆಟದ ಸಾಮಾನಿನ ಹೆಸರು. ಆ ಉಪಕರಣ ಕ್ಷಣಕ್ಷಣಕ್ಕೂ ತಾನು ಎಷ್ಟು ಆಳದಲ್ಲಿದ್ದೇನೆ ಅಂತ ಬರೆದುಕೊಳ್ಳುತ್ತೆ.

"ಹಲ್ಲಿನ ತುದಿ ನೋಡಿ ಸಾರ್. ಚಪ್ಪಟೆ. ಅಣ್ಣ ತಳ ಮುಟ್ಟೋ ಮುಂಚೆ ನಿಧಾನ ಮಾಡಿ, ಎರಡು ಉಸಿರು ತಗೊಳ್ಳೋಷ್ಟು ನಿಲ್ಲಿಸಿ, ಆಮೇಲೆ ಎತ್ತೋರು. ಕೇಬಲ್‌ಗೂ ಸೊಂಟ ಇರುತ್ತೆ ತಂಗೀ, ಥಟ್ಟನೆ ತಿರುಗಿಸಿದ್ರೆ ಉಳುಕುತ್ತೆ, ಅನ್ನೋರು. ಬೇರೆ ಯಾರೇ ನಡೆಸಿದ್ರೂ ತುದಿ ಚೂಪಾಗಿರುತ್ತೆ." ಅವಳು ಪರದೆಯ ಮೇಲೆ ಬೆರಳಿಟ್ಟಳು. "ನಾಲ್ಕು ಹತ್ತು. ಇಲ್ಲಿಗೆ ನಿಂತಿದೆ."

"ಚೂಪು ಹೇಗಿರುತ್ತೆ, ಒಂದು ತೋರಿಸು. ಬರ್ಕೊಳ್ಳೋವಾಗ ಎರಡನ್ನೂ ತಾಳೆ ಹಾಕಿ ಬರೀಬೇಕು."

"ಮಾರನೇ ದಿನದ್ದು ತೆಗೀತೀನಿ. ಹತ್ತನೇ ದಿನ ಬೆಳಗ್ಗೆ ಪ್ರೊಫೆಸರೇ ನಡೆಸಿದ್ದು. ನಾನು ಈ ಫೈಲ್ ಮುಟ್ಟೇ ಇಲ್ಲ ಸಾರ್, ಮನಸ್ಸೇ ಬಂದಿರಲಿಲ್ಲ."

"ಅದು ಬೇಡ," ಎಂದರು ಪ್ರೊಫೆಸರು. ಥಟ್ಟನೆ ಬಂದ ಮಾತು. "ಅದು ಸರಿಯಾಗಿ ಬಂದಿಲ್ಲ, ಕೆಟ್ಟಿದೆ."

ಅಷ್ಟರಲ್ಲಿ ಗೆರೆ ಪರದೆಗೆ ಬಂದಾಗಿತ್ತು.

ರಾಡಾರಮ್ಮ ನೋಡಿದಳು. ತಾರೀಖು ನೋಡಿದಳು. ಫೈಲ್ ಮುಚ್ಚಿ ಮತ್ತೆ ತೆಗೆದಳು.

"ಏನಮ್ಮ?"

"ಚಪ್ಪಟೆ ಇದೆ ಸಾರ್," ಎಂದಳು. "ಹತ್ತನೇ ದಿನ, ಬೆಳಗ್ಗೆ ಐದೂವರೆಯಿಂದ ಆರೂವರೆ. ಒಂದೊಂದು ತುದೀನೂ ಚಪ್ಪಟೆ ಇದೆ. ಇದು ಅಣ್ಣನ ಕೈ."

ನಾಲ್ಕು ಹತ್ತಕ್ಕೆ ಸಮುದ್ರಕ್ಕೆ ಹಾರಿದ ಮನುಷ್ಯ ಮಾರನೇ ದಿನ ಐದೂವರೆಗೆ ವಿಂಚ್ ನಡೆಸಿದ್ದ. ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿದರು, ಎದ್ದು ಹೋಗಿ ಬಾಗಿಲು ಮುಂದಕ್ಕೆ ತಳ್ಳಿದರು.

"ಪ್ರೊಫೆಸರೇ, ಒಂದು ಸುಳ್ಳು ಹೇಳಿದ್ರಿ, ದಯೆ ಅಂದ್ಕೊಂಡೆ. ಇದು ಎರಡನೇದು. ಅವತ್ತು ಜೀವಂತ ಇದ್ದ, ಇವತ್ತು ಇಲ್ಲ. ಅವನ ಜೊತೆ ಇದ್ದವರು ನೀವೊಬ್ಬರೇ. ಇದಕ್ಕೆ ನಮ್ಮ ಕಡೆ ಏನಂತಾರೆ ಗೊತ್ತಾ?"

"ಕೊಲೆ ಅಲ್ಲ."

"ಮತ್ತೆ?"

"ಮಾತು ಕೊಟ್ಟಿದ್ದೀನಿ."

"ಯಾರಿಗೆ? ಸತ್ತವನಿಗಾ?"

"ಸತ್ತಿಲ್ಲ ಅವನು," ಎಂದರು ಪ್ರೊಫೆಸರು. ಹೇಳಿಬಿಟ್ಟ ಮೇಲೆ ಕುರ್ಚಿ ಹುಡುಕಿಕೊಂಡು ಕುಳಿತರು. ರಾಡಾರಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು.

ಕತೆ ತುಂಡು ತುಂಡಾಗಿ ಹೊರಬಿತ್ತು. ಒಂಬತ್ತನೇ ದಿನ ಮಧ್ಯಾಹ್ನ ವಿಂಚಣ್ಣ ಪ್ರೊಫೆಸರ ಕ್ಯಾಬಿನ್ನಿಗೆ ಬಂದಿದ್ದ. ಮುಖದಲ್ಲಿ ರಕ್ತ ಇರಲಿಲ್ಲ. ಹಡಗಿನಲ್ಲಿ ನೋಡಬಾರದ್ದನ್ನು ನೋಡಿದ್ದೀನಿ, ನೋಡಿದ್ದು ಆ ಕೆಲಸ ಮಾಡಿದವನಿಗೂ ಗೊತ್ತಾಗಿದೆ, ಅವನು ನನ್ನನ್ನ ಜೀವಂತ ನೆಲ ಮುಟ್ಟೋಕೆ ಬಿಡಲ್ಲ ಅಂದಿದ್ದ. ಅವನು ಯಾರು ಅಂತ ಎಷ್ಟು ಕೇಳಿದರೂ ಹೇಳಲಿಲ್ಲ, ಗೊತ್ತಾದರೆ ನಿಮಗೂ ಅಪಾಯ ಸಾರ್ ಅಂದ. ಸತ್ತೆ ಅಂತ ಎಲ್ಲರೂ ನಂಬಲಿ, ಒಂದು ತಿಂಗಳು ಎಲ್ಲಾದರೂ ಇರ್ತೀನಿ, ಆಮೇಲೆ ನಾನೇ ಮನೆಗೆ ಹೋಗ್ತೀನಿ. ಹೆಂಡತಿಗೂ ಹೇಳಬೇಡಿ, ಅವಳ ಮುಖ ನೋಡಿದ್ರೆ ಯಾರಿಗಾದರೂ ತಿಳಿದುಬಿಡುತ್ತೆ.

ದೊಡ್ಡ ಅಲೆ ಬಂದ ಹೊತ್ತು ನೋಡಿ, ವಿಂಚಣ್ಣ ನೀರಿಗೆ ಬಿದ್ದ ಅಂತ ಪ್ರೊಫೆಸರು ಕೂಗಿಕೊಂಡರು. ವಿಂಚಣ್ಣ ಅವರ ಕ್ಯಾಬಿನ್ನಿನ ಬಚ್ಚಲಲ್ಲಿ ಅವಿತು ಕುಳಿತ. ಹಡಗಿನವರೆಲ್ಲ ಬೆಳಗಿನ ಜಾವದವರೆಗೂ ಹುಡುಕಿ ಸುಸ್ತಾಗಿ ಮಲಗಿದರು. ಬೆಳಗ್ಗೆ ಆರೂವರೆಗೆ ಒಂದು ಸಣ್ಣ ದೋಣಿ ಬಂದು ಅವನನ್ನು ಇಳಿಸಿಕೊಂಡು ಹೋಯಿತು.

"ಹಾಗಾದ್ರೆ ಐದೂವರೆಗೆ ವಿಂಚ್ ಯಾಕೆ ಮುಟ್ಟಿದ?" ಎಂದು ಇನ್ಸ್‌ಪೆಕ್ಟರ್ ಕೇಳಿದರು.

ಪ್ರೊಫೆಸರು ತಲೆ ತಗ್ಗಿಸಿದರು. "ಎರಡನೇ ಅಲೆ ಬರ್ತಾ ಇತ್ತು. ಮೊದಲನೇದರಷ್ಟೇ ದೊಡ್ಡದು. ಇಪ್ಪತ್ತು ವರ್ಷ ಕಾದಿದ್ದೆ ಅದಕ್ಕೆ. ಡೆಕ್ ಮೇಲೆ ಯಾರೂ ಇರಲಿಲ್ಲ, ದೋಣಿ ಬರೋಕೆ ಒಂದು ಗಂಟೆ ಇತ್ತು. ಒಂದು ಗಂಟೆ ನಡೆಸಿಕೊಡಪ್ಪ ಅಂದೆ. ನಕ್ಕ. ಸತ್ತವನ ಹತ್ರಾನೂ ಕೆಲಸ ತೆಗೀತೀರಲ್ಲ ಸಾರ್ ಅಂದ."

ಎಂಥ ಜನವಪ್ಪ ಇವರು ಅಂದುಕೊಂಡರು ಇನ್ಸ್‌ಪೆಕ್ಟರ್. ಪ್ರಾಣ ಉಳಿಸಲು ಬಚ್ಚಿಟ್ಟ ಮನುಷ್ಯನನ್ನು ಅಳತೆಯ ಆಸೆಗೆ ಡೆಕ್ಕಿಗೆ ತಂದು ನಿಲ್ಲಿಸುತ್ತಾರೆ. ಅದನ್ನು ಆ ಮನುಷ್ಯನೂ ಒಪ್ಪಿಕೊಳ್ಳುತ್ತಾನೆ. ಆದರೂ ಎದೆಯ ಮೇಲಿನ ಭಾರ ಅರ್ಧ ಇಳಿದಿತ್ತು. ಬೆಂಚಿನ ಮೇಲಿನ ಹೆಂಗಸಿಗೆ ಹೇಳಲು ಈಗ ಅವರ ಹತ್ತಿರ ಒಂದು ಒಳ್ಳೆಯ ಮಾತಿತ್ತು.

"ದೋಣಿ ಎತ್ತ ಹೋಯ್ತು?"

"ದಡದ ಕಡೆ. ಐದಾರು ಗಂಟೆಯ ದಾರಿ."

"ರಾಡಾರಲ್ಲಿ ಕಾಣಬೇಕಲ್ಲ?" ಅವರು ರಾಡಾರಮ್ಮನ ಕಡೆ ತಿರುಗಿದರು. "ನೀನು ದೋಣಿ ನೋಡಲಿಲ್ವಾ?"

"ನಾವು ದೋಣಿ ನೋಡೋದೇ ಇಲ್ಲ ಸಾರ್." ಅವಳ ಮುಖ ಪೆಚ್ಚಾಯಿತು. "ರಾಡಾರ್ ಒಂದು ಸುತ್ತು ತಿರುಗಿದರೆ ಒಂದು ಚಿತ್ರ. ಅರವತ್ತು ಚಿತ್ರ ಕೂಡಿಸಿ ಸರಾಸರಿ ತೆಗೀತೀವಿ. ಪಟ್ಟೆ ನಿಧಾನ, ಹಾಗಾಗಿ ಉಳಿಯುತ್ತೆ. ಬೇಗ ಓಡೋದೆಲ್ಲ, ದೋಣಿ, ಹಕ್ಕಿ, ಅಳಿಸಿಹೋಗುತ್ತೆ. ನಮಗೆ ಅದೆಲ್ಲ ಕಸ. ಆದರೆ ಬಿಡಿ ಚಿತ್ರಗಳು ಇರ್ತವೆ. ಯಾರೂ ತೆಗೆದು ನೋಡಲ್ಲ ಅಷ್ಟೇ."

"ಈಗ ತೆಗಿ."

ಹತ್ತು ನಿಮಿಷ ಹಿಡಿಯಿತು. ಆಮೇಲೆ ಪರದೆಯ ಮೇಲೆ ಆ ಬೆಳಗ್ಗೆ ಒಂದೊಂದೇ ಸುತ್ತು ಓಡತೊಡಗಿತು. ನಡುವೆ ಹಡಗು, ಅದರಾಚೆ ಬಿಳಿ ಪಟ್ಟೆ, ಕಪ್ಪು ಪಟ್ಟೆ. ಆರು ಇಪ್ಪತ್ತೈದಕ್ಕೆ ಸಾಸಿವೆಯಷ್ಟು ಚುಕ್ಕೆಯೊಂದು ಹಡಗಿನ ಹಿಂಬದಿಗೆ ಬಂದು ಅಂಟಿಕೊಂಡಿತು.

"ಅದೇ," ಎಂದರು ಪ್ರೊಫೆಸರು. ಅವರ ಮುಖದಲ್ಲಿ ಮೊದಲ ಸಲ ಗೆಲುವು ಕಂಡಿತು. "ಅದೇ ದೋಣಿ."

ಆರು ಮೂವತ್ತೆಂಟಕ್ಕೆ ಚುಕ್ಕೆ ಬಿಟ್ಟು ಹೊರಟಿತು. ಕಪ್ಪು ಪಟ್ಟೆಯಲ್ಲಿ ಚೆನ್ನಾಗಿ ಕಾಣುತ್ತಿತ್ತು. ಆರು ನಲವತ್ತೈದಕ್ಕೆ ಬಿಳಿ ಪಟ್ಟೆಯೊಳಗೆ ಹೊಕ್ಕಿತು.

"ಈಗ ಕಾಣಲ್ಲ," ಎಂದಳು ರಾಡಾರಮ್ಮ. "ಒರಟು ನೀರೇ ಬಿಳೀದಾಗಿರುತ್ತಲ್ಲ, ಅದರಲ್ಲಿ ಸಣ್ಣ ದೋಣಿ ಮುಚ್ಚಿಹೋಗುತ್ತೆ. ಒಂದೆರಡು ನಿಮಿಷ. ಆಚೆ ಕಪ್ಪು ಬಂದ ಕೂಡಲೇ ಕಾಣುತ್ತೆ."

ಮೂವರೂ ಪರದೆಗೆ ಬಗ್ಗಿದರು. ಆರು ನಲವತ್ತೇಳು. ಆರು ಐವತ್ತು. ಆಚೆಯ ಕಪ್ಪು ಪಟ್ಟೆ ಖಾಲಿ ಇತ್ತು.

"ಒಳಗೇ ನಿಂತಿರಬೇಕು," ಎಂದರು ಪ್ರೊಫೆಸರು. "ಎಂಜಿನ್ ಕೆಟ್ಟಿರುತ್ತೆ."

ರಾಡಾರಮ್ಮ ಚಿತ್ರ ಓಡಿಸುತ್ತಾ ಹೋದಳು. ಏಳು ಗಂಟೆ. ಏಳು ಹತ್ತು. ಬಿಳಿ ಪಟ್ಟೆ ತನ್ನ ಪಾಡಿಗೆ ತಾನು ಸರಿದು ಹಡಗಿನ ಹತ್ತಿರಕ್ಕೆ ಬಂತು. ಅದು ಬಿಟ್ಟುಬಂದ ಜಾಗದಲ್ಲೆಲ್ಲ ನುಣ್ಣನೆಯ ಕಪ್ಪು ನೀರು.

"ಒಳಗೆ ನಿಂತಿದ್ರೆ ಪಟ್ಟೆ ಅದನ್ನ ಹಿಂದೆ ಬಿಟ್ಟು ಬರಬೇಕಿತ್ತು ಸಾರ್," ಎಂದಳು ಕೊನೆಗೆ. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಈ ಜಾಗದಲ್ಲಿ ಕಾಣಬೇಕಿತ್ತು. ಇಲ್ಲ. ಮೇಲೆ ಏನೂ ಇಲ್ಲ."

ಪ್ರೊಫೆಸರು ಪರದೆಯನ್ನು ಕೈಯಿಂದ ಸವರಿದರು, ಗಾಜಿನ ಮೇಲಿನ ಧೂಳು ಒರೆಸುವವರ ಹಾಗೆ. ಹನ್ನೆರಡು ದಿನ ಎಲ್ಲೋ ಕ್ಷೇಮವಾಗಿದ್ದಾನೆ ಅಂತ ನಂಬಿಕೊಂಡು ಅನ್ನ ತಿಂದಿದ್ದ ಮನುಷ್ಯ. ಇನ್ಸ್‌ಪೆಕ್ಟರಿಗೆ ಸಿಟ್ಟೂ ಬಂತು, ಕನಿಕರವೂ ಬಂತು.

"ದೋಣಿ ಗೊತ್ತು ಮಾಡಿದ್ದು ಯಾರು?"

"ಯಾರಿಗೂ ಹೇಳಬೇಡಿ ಅಂದಿದ್ದ."

"ನೀವು ಹೇಳಿದ್ರಿ."

"ಹೇಳದೆ ನಡುನೀರಲ್ಲಿ ದೋಣಿ ಎಲ್ಲಿಂದ ತರಲಿ ಇನ್ಸ್‌ಪೆಕ್ಟ್ರೇ? ಒಬ್ಬರಿಗೇ ಹೇಳಿದ್ದು. ಕ್ಯಾಪ್ಟನ್‌ಗೆ." ಆ ಹೆಸರು ಬಾಯಿಂದ ಬಿದ್ದ ಮೇಲೆ ಅದರ ಅರ್ಥ ಅವರಿಗೇ ಹೊಳೆಯಿತು. ಮುಖ ಬಿಳಿಚಿಕೊಂಡಿತು. "ಅಯ್ಯೋ," ಎಂದರು ಮೆಲ್ಲಗೆ, "ನಾನೇ ಒಪ್ಪಿಸಿಬಿಟ್ಟೆನಾ?"

ಬಾಗಿಲು ತೆರೆದುಕೊಂಡಿತು. ಹೊಸ್ತಿಲಲ್ಲಿ ವಿಂಚಣ್ಣನ ಹೆಂಡತಿ ನಿಂತಿದ್ದಳು.

"ಏಣಿ ಹತ್ರ ನಿಂತಿದ್ದ ಪೇದೆ ಬೇಡ ಅಂದ್ರು, ಅವರ ಮೇಲೆ ಕೋಪ ಮಾಡ್ಕೋಬೇಡಿ," ಎಂದಳು. "ಎಷ್ಟೊತ್ತು ಅಂತ ಕೂರಲಿ ಅಣ್ಣ? ಹಡಗು ಹೋದ ಮೇಲೆ ಯಾರನ್ನ ಕೇಳಲಿ?"

ವಿಚಾರಣೆ ಮುಗಿಯದೆ ಮನೆಯವರಿಗೆ ಬಾಯಿ ಬಿಡಬಾರದು, ಅದು ನಿಯಮ. ಆದರೆ ಇನ್ಸ್‌ಪೆಕ್ಟರ್ ಈ ಹೆಂಗಸಿಗೆ ಒಂದು ಸಲ ಸುಳ್ಳು ಹೇಳಿಯಾಗಿತ್ತು. ಅವಳು ಕೇಳಿದ್ದು ಒಂದೇ ಪ್ರಶ್ನೆ, ಅದಕ್ಕೆ ಅವರ ಹತ್ತಿರ ನಿಜವಾದ ಉತ್ತರ ಇತ್ತು. ಅಷ್ಟನ್ನಾದರೂ ಕೊಡಬೇಕು ಅನ್ನಿಸಿತು.

"ಬಿಟ್ಟು ಹೋಗಲಿಲ್ಲ ಕಣಮ್ಮ. ಹಾರಲೂ ಇಲ್ಲ. ಜೀವಕ್ಕೆ ಅಪಾಯ ಇತ್ತು, ತಪ್ಪಿಸ್ಕೊಂಡು ಹೊರಟ್ರು. ಒಂದು ತಿಂಗಳಿಗೆ ಮನೆಗೆ ಹೋಗ್ತೀನಿ ಅಂತ ಇವರ ಹತ್ರ ಹೇಳಿ ಹೋದ್ರು. ನಿಮ್ಮ ಹತ್ರ ವಾಪಸ್ ಬರೋಕೆ ಅಂತಲೇ ಹೋಗಿದ್ದು. ಮಗಳಿಗೆ ಹಾಗೇ ಹೇಳಿ."

ಹೇಳುವಾಗಲೇ ತಪ್ಪಾಯಿತು ಅಂತ ಗೊತ್ತಾಯಿತು. ಅವಳ ಮುಖ ಅರಳಿಬಿಟ್ಟಿತು. ಹನ್ನೆರಡು ದಿನ ಬಿಗಿಹಿಡಿದಿದ್ದ ಅಳು ಒಂದೇ ಸಲ ನುಗ್ಗಿ ಬಂತು. ಅತ್ತಳು, ಅಳುತ್ತಲೇ ನಕ್ಕಳು, ಸೆರಗಿನಿಂದ ಮುಖ ಒರೆಸಿಕೊಂಡಳು. ಪರದೆ ಅವಳಿಗೆ ಕಾಣದಂತೆ ರಾಡಾರಮ್ಮ ಎದ್ದು ಅಡ್ಡ ನಿಂತಳು.

"ನನಗೆ ಗೊತ್ತಿತ್ತು," ಎಂದಳು ಹೆಂಡತಿ. "ಹನ್ನೆರಡು ದಿನ ಆಯ್ತು. ಅಂದ್ರೆ ಇನ್ನು ಹದಿನೆಂಟು ದಿನ ಅಲ್ವಾ ಅಣ್ಣ?"

ಇನ್ಸ್‌ಪೆಕ್ಟರ್ ಬಾಯಿ ತೆರೆದರು. ಮಾತು ಬರುವ ಮುಂಚೆ ಕಾಲ ಕೆಳಗಿನ ನೆಲ ಅದುರಿತು. ಮೇಜಿನ ಮೇಲಿದ್ದ ಪೆನ್ನು ಉರುಳಿ ಕೆಳಗೆ ಬಿತ್ತು. ಎಲ್ಲೋ ಕೆಳಗೆ ಎಂಜಿನ್ ಗುಡುಗತೊಡಗಿತು.

ಗಡಿಯಾರದಲ್ಲಿ ನಾಲ್ಕೂಕಾಲು. ಆರಕ್ಕೆ ಇನ್ನೂ ಹೊತ್ತಿತ್ತು.

ಅವರು ದುಂಡು ಕಿಟಕಿಗೆ ಹೋಗಿ ನೋಡಿದರು. ಬಂದರುಕಟ್ಟೆಯ ಮೇಲೆ ಪೇದೆ ಎರಡೂ ಕೈ ಎತ್ತಿ ಏನೋ ಕೂಗುತ್ತಾ ಓಡುತ್ತಿದ್ದ. ಹಡಗಿಗೂ ಕಟ್ಟೆಗೂ ನಡುವೆ ನಾಲ್ಕು ಮಾರು ನೀರು ಬಿಟ್ಟಿತ್ತು, ನೋಡುತ್ತಿದ್ದ ಹಾಗೇ ಐದಾಯಿತು.

"ಸಾರ್," ಎಂದಳು ರಾಡಾರಮ್ಮ ಸಣ್ಣ ದನಿಯಲ್ಲಿ, "ಏಣಿ ಎತ್ತಿಬಿಟ್ಟಿದ್ದಾರೆ."

ಮೇಲಿನ ಡೆಕ್ಕಿನಿಂದ ಬೂಟಿನ ಸದ್ದು ಮೆಟ್ಟಿಲಿಳಿದು ಬರುತ್ತಿತ್ತು. ವಿಂಚಣ್ಣನ ಹೆಂಡತಿಗೆ ಅದು ಯಾವುದೂ ಕೇಳಿಸಲಿಲ್ಲ. ಅವಳು ಬೆರಳು ಮಡಿಸಿ ಇನ್ನೊಂದು ಸಲ ಎಣಿಸಿ ನೋಡಿದಳು.

"ಹದಿನೆಂಟೇ ಅಲ್ವಾ ಅಣ್ಣ?" ಎಂದು ಮತ್ತೆ ಕೇಳಿದಳು.